ಏಳನೇ ವಾರಕ್ಕೇ ಪ್ಯಾಂಟಿನ ಬಟನ್ ಹಾಕೋಕೆ ಆಗ್ತಿಲ್ಲ. ಇದು ಮಗುನಾ, ಗ್ಯಾಸಾ?

ಮಲ್ಲಿಗೆಮೊಗ್ಗು · ಜನವರಿ 13, ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ಮೊದಲ ಬಸಿರು. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಇವತ್ತಿಗೆ 7 ವಾರ 2 ದಿನ. ಗಂಡ, ಅಮ್ಮ, ಅತ್ತೆ ಈ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬೇಡ ಅಂತ ಅತ್ತೆ ಹಾಸನದಿಂದ ದಿನಾ ಫೋನ್ ಮಾಡಿ ಹೇಳುತ್ತಾರೆ. ನಾನೇನೋ ಬಾಯಿ ಬಿಟ್ಟಿಲ್ಲ. ಹೊಟ್ಟೆ ಸುಮ್ಮನಿರಬೇಕಲ್ಲ!

ಬೆಳಿಗ್ಗೆ ಎದ್ದಾಗ ಮೊದಲಿನ ಹಾಗೇ ಚಪ್ಪಟೆ. ಮಧ್ಯಾಹ್ನದ ಊಟ ಆದಮೇಲೆ ಉಬ್ಬಲು ಶುರು. ಸಂಜೆ 5ರ ಹೊತ್ತಿಗೆ ಆಫೀಸಿನ ಕುರ್ಚಿಯಲ್ಲಿ ಕೂತೇ ಪ್ಯಾಂಟಿನ ಬಟನ್ ಬಿಚ್ಚಿ, ಮೇಲೆ ದುಪಟ್ಟಾ ಎಳೆದುಕೊಂಡು ಕೆಲಸ ಮಾಡುತ್ತೇನೆ. ಮೊನ್ನೆ ಹಾಗೇ ಮರೆತು ಮೀಟಿಂಗಿಗೆ ಎದ್ದುಬಿಟ್ಟೆ... ಬಿಡಿ, ಅದು ಬೇರೆ ಕಥೆ.

ನಿನ್ನೆ ಲಿಫ್ಟಿನಲ್ಲಿ ಪಕ್ಕದ ಮನೆ ಆಂಟಿ ಮೇಲಿಂದ ಕೆಳಗೆ ನೋಡಿ “ಏನಮ್ಮಾ, ವಿಶೇಷಾನಾ?” ಅಂದರು. “ಇಲ್ಲ ಆಂಟಿ, ಅವರೆಕಾಯಿ ಕಾಲ ಅಲ್ವಾ, ಸ್ವಲ್ಪ ಜಾಸ್ತಿ ತಿಂದೆ” ಅಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಇದು ಮಗುವಿನ ಹೊಟ್ಟೆನಾ, ಗ್ಯಾಸಾ, ಇಲ್ಲಾ ನಾನೇ ದಪ್ಪ ಆಗುತ್ತಿದ್ದೀನಾ? ತೂಕ ನೋಡಿದರೆ ಅರ್ಧ ಕೆಜಿ ಇಳಿದಿದೆ. ಅವಳಿ ಇರಬಹುದು ಅಂತ ಗೂಗಲ್ ಹೇಳಿ ರಾತ್ರಿ ನಿದ್ದೆ ಕೆಡಿಸಿದೆ. ಮೊದಲ ಸ್ಕ್ಯಾನ್ ಮುಂದಿನ ವಾರ, 21ಕ್ಕೆ.

ಎರಡರ ಅಮ್ಮ · 9:50

ಗ್ಯಾಸ್.

ಹಳೇಬೇರು · 9:58

ಗ್ಯಾಸೇ. ಬೆಳಿಗ್ಗೆ ಇಲ್ಲದ್ದು ಸಂಜೆ ಬಂದು ರಾತ್ರಿ ಹೋಗುತ್ತೆ ಅಂದರೆ ಅದು ಮಗು ಅಲ್ಲ. ಮಗು ಶಿಫ್ಟಿನಲ್ಲಿ ಕೆಲಸ ಮಾಡಲ್ಲ.

ಕಡಲತಡಿ · 10:04

ಅಭಿನಂದನೆಗಳು ಮಲ್ಲಿಗೆ. ನನಗೂ ಹೀಗೇ ಆಗಿತ್ತು, 6ನೇ ವಾರಕ್ಕೇ. ಆಗ ತೆಗೆದ ಫೋಟೋ ನೋಡಿದರೆ ಐದು ತಿಂಗಳ ಬಸುರಿ ಥರ ಕಾಣುತ್ತೇನೆ. ನಿಜವಾಗಿ ಐದು ತಿಂಗಳಾದಾಗ ತೆಗೆದ ಫೋಟೋದಲ್ಲಿ ಅದಕ್ಕಿಂತ ಸಣ್ಣ ಇದ್ದೇನೆ.

ನರ್ಸಕ್ಕ · 10:31

ಹೆರಿಗೆ ವಾರ್ಡಿನಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೈಯಬೇಡಿ.

ಈಗ ನಿಮ್ಮ ಮಗು ಹೆಚ್ಚೂಕಮ್ಮಿ 1 ಸೆಂಟಿಮೀಟರ್. ಅಂದರೆ ನೀವು ತಿಂದ ಅವರೆಕಾಳಿನಲ್ಲಿ ಒಂದು ಕಾಳಿನಷ್ಟು. ಅದು ಪ್ಯಾಂಟಿನ ಬಟನ್ ತಡೆಯೋಕೆ ಸಾಧ್ಯವೇ ಇಲ್ಲ. ಗರ್ಭಕೋಶವೂ ಅಷ್ಟೇ. ಬಸಿರಿಲ್ಲದಾಗ ಅದು 7-8 ಸೆಂ.ಮೀ. ಉದ್ದ, ತೂಕ 60 ಗ್ರಾಂ ಆಸುಪಾಸು. 6ನೇ ವಾರಕ್ಕೆ ಕೋಳಿಮೊಟ್ಟೆ, 8ಕ್ಕೆ ಕ್ರಿಕೆಟ್ ಚೆಂಡು ಅಂತ ನಮಗೆ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಆದರೆ ಈ ಚೆಂಡು ಸೊಂಟದ ಮೂಳೆಗಳ ಬಟ್ಟಲೊಳಗೇ ಕೂತಿರುತ್ತೆ. ಹೊರಗಿನಿಂದ ಕಾಣಲ್ಲ, ಕೈಗೂ ಸಿಗಲ್ಲ. 12 ವಾರದ ಹೊತ್ತಿಗೆ ಕೆಳಹೊಟ್ಟೆಯ ಮುಂದಿನ ಮೂಳೆ ದಾಟಿ ಮೇಲೆ ಇಣುಕುತ್ತೆ. 20ಕ್ಕೆ ಹೊಕ್ಕುಳ ಹತ್ತಿರ. 36ಕ್ಕೆ ಎದೆಗೂಡಿನ ಕೆಳಗೆ. ದಿನ ತುಂಬಿದಾಗ ಬರೀ ಗರ್ಭಕೋಶವೇ ಸುಮಾರು 1 ಕೆಜಿ ತೂಗುತ್ತೆ, ಮಗುವನ್ನು ಬಿಟ್ಟು.

ಹಾಗಾದರೆ ಈಗ ಉಬ್ಬಿರುವುದು ಏನು? ಕರುಳು. ಬಸಿರು ನಿಂತ ಕೂಡಲೇ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರುತ್ತೆ. ಗರ್ಭಕೋಶದ ಸ್ನಾಯು ಬಿಗಿಯದ ಹಾಗೆ ಸಡಿಲವಾಗಿ ಇಡುವುದು ಅದರ ಕೆಲಸ. ಆದರೆ ಪಕ್ಕದಲ್ಲಿರುವ ಕರುಳನ್ನೂ ಅದು ಬಿಡಲ್ಲ, ಅದನ್ನೂ ಸಡಿಲ ಮಾಡುತ್ತೆ. ತಿಂದದ್ದು ನಿಧಾನಕ್ಕೆ ಸಾಗುತ್ತೆ, ಗಾಳಿ ತುಂಬುತ್ತೆ, ಮಲ ಕಟ್ಟುತ್ತೆ. ರಾತ್ರಿಯೆಲ್ಲಾ ಹೊಟ್ಟೆ ಖಾಲಿ, ಅದಕ್ಕೇ ಬೆಳಿಗ್ಗೆ ಚಪ್ಪಟೆ.

ತೂಕ ಇಳಿದದ್ದಕ್ಕೆ ಗಾಬರಿ ಬೇಡ. ವಾಂತಿ, ಊಟ ಸೇರದೇ ಇರುವುದು ಇದ್ದರೆ ಮೊದಲ ಮೂರು ತಿಂಗಳಲ್ಲಿ ಇದು ಮಾಮೂಲು. ನೀರೂ ನಿಲ್ಲದ ಹಾಗೆ ವಾಂತಿ ಆದರೆ ಮಾತ್ರ ಕಾಯಬೇಡಿ.

ಮಲ್ಲಿಗೆಮೊಗ್ಗು · 10:44

ಅವರೆಕಾಳು!! ಅಕ್ಕಾ, ಫ್ರಿಜ್ಜಿನಲ್ಲಿ ಒಂದು ಡಬ್ಬಿ ಹಿತಕಿದ ಬೇಳೆ ಇದೆ. ಇನ್ನು ನಾನು ಅದನ್ನು ಹೇಗೆ ತಿನ್ನಲಿ?

ಹಳೇಬೇರು · 10:46

ತಿನ್ನಬೇಡಿ. ಗ್ಯಾಸಿಗೆ ಅದೇ ಕಾರಣ.

ಗಂಡಸೊಬ್ಬ · 10:59

ನಾನಿಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಹೆಂಡತಿಗೂ 7 ವಾರ ಅಂತ ಡಾಕ್ಟರು ಬರೆದಿದ್ದಾರೆ. ಆದರೆ ನಾನು ಆರು ತಿಂಗಳು ದುಬೈಯಲ್ಲಿದ್ದೆ, ಊರಿಗೆ ಬಂದು 5 ವಾರ ಆಯಿತು ಅಷ್ಟೇ. ಲೆಕ್ಕ ಹೇಗೆ?

ಎರಡರ ಅಮ್ಮ · 11:01

ಅಯ್ಯೋ ದೇವರೇ. ನರ್ಸಕ್ಕ ಬೇಗ ಬನ್ನಿ, ಒಂದು ಸಂಸಾರ ಉಳಿಸಿ.

ನರ್ಸಕ್ಕ · 11:06

ಅಣ್ಣಾ, ಲೆಕ್ಕ ಸರಿಯಾಗಿಯೇ ಇದೆ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಬಸಿರು ನಿಲ್ಲುವುದು ಅದಾಗಿ ಸುಮಾರು 2 ವಾರಕ್ಕೆ. ಹಾಗಾಗಿ 7 ವಾರ ಅಂದರೆ ನಿಜದಲ್ಲಿ 5 ವಾರ. 280 ದಿನದ ಲೆಕ್ಕವೂ ಮುಟ್ಟಿನಿಂದಲೇ. ಹೋಗಿ ಹೆಂಡತಿಗೆ ಒಂದು ಲೋಟ ನಿಂಬೆ ಶರಬತ್ತು ಮಾಡಿಕೊಡಿ.

ಗಂಡಸೊಬ್ಬ · 11:08

ಹೋದೆ.

ಸೊಸೆಮುದ್ದು · ಜನವರಿ 14, ಬೆಳಿಗ್ಗೆ 7:15

ಮಲ್ಲಿಗೆ, ಹೊಟ್ಟೆ ಮುಂದಕ್ಕೆ ಚೂಪಾಗಿ ಬಂದಿದೆಯಾ, ಸೊಂಟದ ಎರಡೂ ಕಡೆ ಅಗಲವಾಗಿದೆಯಾ? ಚೂಪಾದರೆ ಗಂಡು, ಅಗಲವಾದರೆ ಹೆಣ್ಣು. ನಮ್ಮ ಅತ್ತೆ ಹೇಳಿದ್ದು ಒಂದೂ ತಪ್ಪಿಲ್ಲ. ಬೇಕಾದರೆ ಫೋಟೋ ಹಾಕಿ, ನಾನೇ ಹೇಳುತ್ತೇನೆ.

ಮೈಸೂರು ಮಸಾಲೆ · 7:32

7ನೇ ವಾರದ ಗ್ಯಾಸ್ ನೋಡಿ ಗಂಡೋ ಹೆಣ್ಣೋ ಹೇಳುತ್ತೀರಾ? ಅವರೆಕಾಳಿಗೆ ಲಿಂಗ ಪತ್ತೆ ಮಾಡಿದ ಹಾಗಾಯಿತು.

ಸೊಸೆಮುದ್ದು · 7:40

ನಗಬೇಡಿ. ಹಿರಿಯರು ಸುಮ್ನೆ ಹೇಳಲ್ಲ. ನಮ್ಮ ಓಣಿಯಲ್ಲಿ ನಾಲ್ಕು ಜನರದ್ದು ಸರಿಯಾಗಿದೆ.

ಮೈಸೂರು ಮಸಾಲೆ · 7:51

ಇರುವುದೇ ಎರಡು ಉತ್ತರ. ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸರಿಯಾಗುತ್ತೆ. ಸರಿಯಾದದ್ದನ್ನು ನೆನಪಿಟ್ಟುಕೊಳ್ಳುತ್ತಾರೆ, ತಪ್ಪಾದದ್ದಕ್ಕೆ “ನಾನು ಹಾಗೆ ಹೇಳಲೇ ಇಲ್ಲ” ಅನ್ನುತ್ತಾರೆ. ನನ್ನ ಒಂದೇ ಹೊಟ್ಟೆ ನೋಡಿ ತವರಿನಲ್ಲಿ ಗಂಡು ಅಂದರು, ಅತ್ತೆ ಮನೆಯಲ್ಲಿ ಹೆಣ್ಣು ಅಂದರು. ಎರಡೂ ಮನೆಯವರು ಹೆರಿಗೆ ಆದಮೇಲೆ ಗೆದ್ದೆವು ಅಂದರು. ಹೇಗೆ ಅಂತ ಇವತ್ತಿಗೂ ಅರ್ಥ ಆಗಿಲ್ಲ.

ಕಡಲತಡಿ · 8:10

ಹೊಟ್ಟೆ ಚೂಪು, ಅಗಲ ಅನ್ನುವುದು ತಾಯಿಯ ಮೈಕಟ್ಟಿನ ಮೇಲೆ ಹೋಗುತ್ತೆ. ಎತ್ತರ ಕಮ್ಮಿ ಇದ್ದರೆ ಮುಂಡ ಗಿಡ್ಡ. ಗರ್ಭಕೋಶಕ್ಕೆ ಮೇಲೆ ಹೋಗಲು ಜಾಗ ಇಲ್ಲ, ಮುಂದಕ್ಕೇ ಬರಬೇಕು. ನಾನು 4 ಅಡಿ 11 ಇಂಚು. ನನ್ನ ಎರಡು ಹೊಟ್ಟೆಯೂ ಬಾಣದ ಹಾಗೆ ಚೂಪು, ಎರಡೂ ಹೆಣ್ಣು. ಇಬ್ಬರೂ ಈಗ ನನ್ನ ತಲೆ ಮೇಲೆ ಕೂತಿದ್ದಾರೆ.

ಲೀಡ್ಸ್ ಕನ್ನಡತಿ · 3:20

ಇಲ್ಲಿ ಇಂಗ್ಲೆಂಡಿನಲ್ಲಿ 20ನೇ ವಾರದ ಸ್ಕ್ಯಾನಿನಲ್ಲಿ ಕೇಳಿದರೆ ಗಂಡೋ ಹೆಣ್ಣೋ ಹೇಳುತ್ತಾರೆ. ನಾನು ಕೇಳಲಿಲ್ಲ. ಊರಿನಿಂದ ಅಮ್ಮ ಮಾತ್ರ ವಿಡಿಯೋ ಕಾಲಿನಲ್ಲಿ “ಎದ್ದು ನಿಲ್ಲು, ಪಕ್ಕಕ್ಕೆ ತಿರುಗು” ಅಂತ ದಿನಾ ಪರೀಕ್ಷೆ ಮಾಡುತ್ತಿದ್ದರು!

ನಿರ್ವಾಹಕರು · 3:45

ಗಂಡು-ಹೆಣ್ಣು ಊಹೆಯ ಮಾತು ಇಲ್ಲಿಗೆ ನಿಲ್ಲಲಿ. ತಮಾಷೆ ಅಂತ ಶುರುವಾಗಿ ಎಲ್ಲಿಗೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ನಮ್ಮಲ್ಲಿ 1994ರ ಕಾಯ್ದೆಯ ಪ್ರಕಾರ ಭ್ರೂಣದ ಲಿಂಗ ಹೇಳುವುದೂ ತಪ್ಪು, ಪತ್ತೆ ಮಾಡಿಸಲು ಹೋಗುವುದೂ ತಪ್ಪು. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು ಇದೆ. ಫೋಟೋ ಹಾಕಿ ಅಂದ ಸಾಲನ್ನು ಇನ್ನೊಮ್ಮೆ ಬರೆದರೆ ತೆಗೆದುಹಾಕುತ್ತೇನೆ.

ಸೊಸೆಮುದ್ದು · 3:52

ಸರಿ ಸ್ವಾಮಿ, ನಾನು ತಮಾಷೆಗೆ ಹೇಳಿದ್ದು. ಕೈ ಮುಗಿದೆ.

ಧಾರವಾಡ ಫೇಡಾ · 5:05

ನಮ್ಮ ಅಜ್ಜಿ ಹೊಟ್ಟಿ ನೋಡತಿದ್ದಿಲ್ರೀ, ಸೀರಿ ನೋಡತಿದ್ರು. ಬಸುರಿ ಸೀರೆ ಉಟ್ಟರೆ ಮುಂದಿನ ನೆರಿಗೆ ದಿನದಿನಕ್ಕೆ ಮೇಲಕ್ಕೆ ಏರುತ್ತೆ. ಹಿಂದೆ ನೆಲ ಗುಡಿಸುತ್ತಿರುತ್ತೆ, ಮುಂದೆ ಕಾಲುಂಗುರ ಕಾಣುತ್ತೆ. ಕಾಲುಂಗುರ ಕಂಡರೆ ನಾಲ್ಕು ದಾಟಿತು, ಕಾಲ್ಗೆಜ್ಜೆ ಕಂಡರೆ ಆರು ಅಂತ ಅವರ ಲೆಕ್ಕ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಉಡಿಸುವಾಗ ಅಜ್ಜಿ ಮುಂದಿನ ನೆರಿಗೆ ನಾಲ್ಕು ಬೆರಳು ಇಳಿಸಿ ಉಡಿಸುತ್ತಿದ್ದರು, ಫೋಟೋದಲ್ಲಿ ಸಮ ಕಾಣಲಿ ಅಂತ.

ಎರಡರ ಅಮ್ಮ · 5:20

ಆಹಾ ಎಂಥಾ ಮಾತು. ನಮ್ಮಮ್ಮನೂ ಲಂಗದ ಲಾಡಿ ನೋಡಿ ಹೇಳುತ್ತಿದ್ದರು. ಒಗೆಯಲು ಹಾಕಿದ ಲಂಗದ ಲಾಡಿಯಲ್ಲಿ ಗಂಟು ಬಿದ್ದ ಜಾಗಕ್ಕೆ ಬಣ್ಣ ಮಾಸಿರುತ್ತಲ್ಲ, ಆ ಗುರುತು ತುದಿಯ ಕಡೆ ಸರಿದಿದ್ದರೆ ಸೊಂಟ ದಪ್ಪ ಆಗಿದೆ ಅಂತ. ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು. ನನ್ನ ಲಂಗ ಒಗೆದವರೇ ಅವರು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲ ಬಸಿರಿನಲ್ಲಿ ನನಗೆ 16-17 ವಾರದ ತನಕ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯದರಲ್ಲಿ 10ನೇ ವಾರಕ್ಕೇ ತರಕಾರಿ ಅಂಗಡಿಯವನು “ಅಕ್ಕಾ, ಚೀಲ ನಾನೇ ತಂದುಕೊಡ್ತೀನಿ” ಅಂದ. ಮೊದಲ ಸಲ ಹಿಗ್ಗಿದ ಹೊಟ್ಟೆಯ ಸ್ನಾಯು ಮೊದಲಿನ ಹಾಗೆ ಬಿಗಿ ಆಗಿರಲ್ಲ. ನಡುವೆ ಎರಡು ಪಟ್ಟಿ ಇರುತ್ತಲ್ಲ, ಅವು ಒಂದರಿಂದೊಂದು ದೂರ ಸರಿದಿರುತ್ತವೆ. ಅದೇ ಗ್ಯಾಸ್, ಅದೇ ಕರುಳು, ತಡೆ ಮಾತ್ರ ಇಲ್ಲ. ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದ್ದರು. ಕಟ್ಟಿದಾಗ ಹಾಯಾಗಿತ್ತು, ನಿಜ. ಆದರೆ ಬಟ್ಟೆಯಿಂದ ಸ್ನಾಯು ಸೇರಲಿಲ್ಲ. ಆಮೇಲೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡಿದ್ದಕ್ಕೆ ಸ್ವಲ್ಪ ಸರಿಹೋಯಿತು.

ಹಳೇಬೇರು · 5:31

ಬಟ್ಟೆ ಕಟ್ಟದೇ ಇದ್ದರೆ ಹೊಟ್ಟೆ ಜೋತು ಬೀಳುತ್ತೆ. ನಮ್ಮ ಕಾಲದಲ್ಲಿ ಎಲ್ಲರೂ ಕಟ್ಟಿಸಿಕೊಂಡಿದ್ದೇವೆ.

ಎರಡರ ಅಮ್ಮ · 5:33

ಕಟ್ಟಿಸಿಕೊಂಡೂ ಜೋತು ಬಿತ್ತಲ್ಲಕ್ಕಾ.

ಹಳೇಬೇರು · 5:34

ನಿಮ್ಮದು ಸಡಿಲ ಕಟ್ಟಿದ್ದಿರಬೇಕು.

ಹಿಂದೆ ತಿರುಗಿದವಳು · 8:15

ಎಲ್ಲರೂ ಹೊಟ್ಟೆ ಬಂತು ಬಂತು ಅನ್ನುತ್ತಿದ್ದೀರಿ. ನನಗೆ 13 ವಾರ ಆದರೂ ಏನೂ ಇಲ್ಲ. ಓರಗಿತ್ತಿಗೆ 11 ವಾರ, ಅವಳದು ಎದ್ದು ಕಾಣುತ್ತೆ. ಮನೆಯವರೆಲ್ಲಾ ನನ್ನನ್ನು ಅನುಮಾನದಿಂದ ನೋಡುತ್ತಾರೆ, ಬಸುರಿ ಹೌದೋ ಅಲ್ಲವೋ ಅಂತ. ಸ್ಕ್ಯಾನಿನಲ್ಲಿ ಮಗು ಚೆನ್ನಾಗಿದೆ, ಗರ್ಭಕೋಶ ಹಿಂದಕ್ಕೆ ಬಾಗಿದೆ ಅಂದರು. ಇದೇನು ಕಾಯಿಲೆನಾ?

ನರ್ಸಕ್ಕ · 8:40

ಕಾಯಿಲೆ ಅಲ್ಲ. ಐವರಲ್ಲಿ ಒಬ್ಬರಿಗೆ ಹೀಗೆ ಇರುತ್ತೆ. ಕೆಲವರ ಮೂಗು ಉದ್ದ, ಕೆಲವರದು ಮೊಂಡು ಅನ್ನುವ ಹಾಗೆ. ಮುಂದಕ್ಕೆ ಬಾಗುವ ಬದಲು ಬೆನ್ನಿನ ಕಡೆ ಬಾಗಿರುತ್ತೆ, ಅದಕ್ಕೇ ಹೊಟ್ಟೆ ಮುಂದೆ ಬರುವುದು ತಡ. 12-14 ವಾರದ ಹೊತ್ತಿಗೆ ಸಾಮಾನ್ಯವಾಗಿ ತಾನೇ ಮೇಲೆದ್ದು ಮುಂದಕ್ಕೆ ಬರುತ್ತೆ. ಒಂದು ಮಾತು: ಮೂತ್ರ ಬರುತ್ತಿಲ್ಲ, ಕಟ್ಟಿದ ಹಾಗಿದೆ ಅನ್ನಿಸಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅಪರೂಪಕ್ಕೆ ಅದು ಮೇಲೇಳದೆ ಸಿಕ್ಕಿಕೊಳ್ಳುತ್ತೆ.

ಓರಗಿತ್ತಿ ಜೊತೆ ಹೊಟ್ಟೆ ಹೋಲಿಸುವುದು ಬಿಡಿ. ಗರ್ಭಕೋಶದಲ್ಲಿ ಗೆಡ್ಡೆ ಇದ್ದರೆ ದೊಡ್ಡದಾಗುತ್ತೆ, ಅವಳಿ ಇದ್ದರೆ ದೊಡ್ಡದಾಗುತ್ತೆ, ದಿನದ ಲೆಕ್ಕ ತಪ್ಪಿದ್ದರೂ ಹಾಗೇ ಕಾಣುತ್ತೆ. ನಾವು ಕೆಳಹೊಟ್ಟೆಯ ಮೂಳೆಯಿಂದ ಗರ್ಭಕೋಶದ ಮೇಲ್ತುದಿ ತನಕ ಟೇಪ್ ಹಿಡಿದು ಅಳೆಯುವುದಕ್ಕೆ ಅರ್ಥ ಬರುವುದೇ 20 ವಾರ ದಾಟಿದ ಮೇಲೆ. ಆಮೇಲೆ ಎಷ್ಟು ವಾರವೋ ಸುಮಾರು ಅಷ್ಟು ಸೆಂಟಿಮೀಟರ್, 2 ಆಚೆ ಈಚೆ.

ತೋಟದ ಮನೆ · 9:02

ನರ್ಸಕ್ಕ, 12ನೇ ವಾರಕ್ಕೆ ಗರ್ಭಕೋಶ ಚಕೋತದಷ್ಟು ಇರುತ್ತೆ ಅಂತ ಒಂದು ಆಪ್ ಹೇಳುತ್ತೆ. ನಿಜನಾ?

ದೇವನಹಳ್ಳಿ ಗಡಿ · 9:11

ಯಾವ ಚಕೋತ? ನಮ್ಮೂರಿನದಾ? ನಮ್ಮ ಚಕೋತ ಒಂದು ತಂದು ಮುಂದೆ ಇಟ್ಟರೆ ಆರು ತಿಂಗಳ ಹೊಟ್ಟೆ ಅಂತೀರಿ.

ತೋಟದ ಮನೆ · 9:13

ಆಪಿನ ಚಿತ್ರದಲ್ಲಿ ಕಿತ್ತಳೆಗಿಂತ ಸ್ವಲ್ಪ ದೊಡ್ಡದಿತ್ತು.

ದೇವನಹಳ್ಳಿ ಗಡಿ · 9:20

ಅದು ಗ್ರೇಪ್‌ಫ್ರೂಟ್, ಫಾರಿನ್ ಹಣ್ಣು. ಕನ್ನಡಕ್ಕೆ ತರುವಾಗ ಚಕೋತ ಅಂದುಬಿಟ್ಟಿದ್ದಾರೆ. ದೇವನಹಳ್ಳಿ ಚಕೋತಕ್ಕೆ ಈ ಊರಿನದೇ ವಿಶೇಷ ಅನ್ನುವ ಜಿಐ ಮಾನ್ಯತೆ ಇದೆ ಸ್ವಾಮಿ, ಅದನ್ನು ತಂದು ಮೂರು ತಿಂಗಳ ಗರ್ಭಕೋಶ ಮಾಡಬೇಡಿ. ಏರ್‌ಪೋರ್ಟ್ ಬಂದಮೇಲೆ ಮರಗಳೇ ಕಮ್ಮಿ ಆಗಿವೆ. ನಮ್ಮ ಹಿತ್ತಲಲ್ಲಿ ಒಂದು ಉಳಿದಿದೆ.

ಮೈಸೂರು ಮಸಾಲೆ · 9:24

ಹಣ್ಣಿಗೆ ಉಪ್ಪು-ಖಾರ ಹಾಕಿ ತಿಂದರೆ ನನಗೆ ವಾಂತಿ ಕಮ್ಮಿ ಅನ್ನಿಸುತ್ತಿತ್ತು. ಮಲ್ಲಿಗೆಗೆ ಒಂದು ಕಳಿಸಿ.

ನರ್ಸಕ್ಕ · 9:30

ಊರಿನ ಚಕೋತ ಅಲ್ಲ, ದೊಡ್ಡ ಮೂಸಂಬಿ ಅಂದುಕೊಳ್ಳಿ. ಜಗಳ ಮುಗಿಯಿತು.

ಮತ್ತೆ ಚಿಗುರು · 11:47

ಹಗುರವಾಗಿ ಮಾತಾಡುತ್ತಿರುವಾಗ ಭಾರದ ವಿಷಯ ತರುತ್ತಿದ್ದೇನೆ, ಕ್ಷಮಿಸಿ. ಆದರೆ ಎಲ್ಲರೂ “ಗ್ಯಾಸ್, ಗ್ಯಾಸ್” ಅಂದದ್ದು ನೋಡಿ ಬರೆಯದೇ ಇರಲು ಆಗಲಿಲ್ಲ.

ಮೂರು ವರ್ಷದ ಹಿಂದೆ ನನಗೂ 7 ವಾರ. ಸಂಜೆ ಹೊಟ್ಟೆ ಉಬ್ಬಿತ್ತು, ಎಡಗಡೆ ಕೆಳಗೆ ನೋವು. ಗ್ಯಾಸ್ ಅಂತ ಎಲ್ಲರೂ ಅಂದರು. ಜೀರಿಗೆ ನೀರು ಕುಡಿದು ಮಲಗಿದೆ. ರಾತ್ರಿ ಎರಡು ಗಂಟೆಗೆ ಎಡ ಭುಜದ ತುದಿಯಲ್ಲಿ ವಿಚಿತ್ರ ನೋವು ಬಂತು. ಹೊಟ್ಟೆಗೂ ಭುಜಕ್ಕೂ ಏನು ಸಂಬಂಧ ಅಂತ ಅಮೃತಾಂಜನ ಹಚ್ಚಿಕೊಂಡೆ. ಬಾತ್‌ರೂಮಿಗೆ ಹೋಗಲು ಎದ್ದವಳು ಅಲ್ಲೇ ಕುಸಿದೆ. ಬಸಿರು ಗರ್ಭಕೋಶದೊಳಗೆ ಅಲ್ಲ, ಅದರ ಪಕ್ಕದ ನಾಳದಲ್ಲಿ ನಿಂತಿತ್ತು, ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಆ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆಣಕಿದರೆ ಭುಜ ನೋಯುತ್ತದಂತೆ. ಬೆಳಗಿನ ಜಾವ ಆಪರೇಷನ್ ಆಯಿತು. ಒಂದು ನಾಳ ಹೋಯಿತು, ಜೀವ ಉಳಿಯಿತು.

ಹೆದರಿಸಲು ಹೇಳುತ್ತಿಲ್ಲ ಮಲ್ಲಿಗೆ. ನಿಮ್ಮದು ನೋವಿಲ್ಲದ ಉಬ್ಬರ. ಒಂದೇ ಕಡೆ ನೋವು, ಭುಜದ ತುದಿ ನೋವು, ತಲೆಸುತ್ತು, ರಕ್ತ ಇದರಲ್ಲಿ ಯಾವುದು ಕಂಡರೂ ಯಾರ ಮಾತೂ ಕೇಳಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಎರಡರ ಅಮ್ಮ · 11:55

ತಂಗೀ... ಏನು ಹೇಳಲಿ. ಈಗ ಹೇಗಿದ್ದೀರಿ?

ಮತ್ತೆ ಚಿಗುರು · 11:58

ಚೆನ್ನಾಗಿದ್ದೇನೆ ಅಕ್ಕಾ. ಉಳಿದ ಒಂದೇ ನಾಳದಲ್ಲಿ ಬಂದವನು ಈಗ ಪಕ್ಕದಲ್ಲಿ ಮಲಗಿದ್ದಾನೆ. ಕಾಲು ನನ್ನ ಮುಖದ ಮೇಲೆ.

ನರ್ಸಕ್ಕ · ಜನವರಿ 15, ಬೆಳಿಗ್ಗೆ 6:20

ಚಿಗುರು ಹೇಳಿದ್ದನ್ನು ಎಲ್ಲರೂ ಇನ್ನೊಮ್ಮೆ ಓದಿ. ನೂರು ಬಸಿರಿನಲ್ಲಿ 1-2 ಹೀಗಾಗುತ್ತೆ. ಮೊದಲ ಸ್ಕ್ಯಾನ್ ಬೇಗ ಮಾಡಿಸಿ ಅನ್ನುವುದು ಇದಕ್ಕೇ. ಮಗು ಎಲ್ಲಿ ಕೂತಿದೆ ಅಂತ ಮೊದಲು ನೋಡುತ್ತಾರೆ, ಎಷ್ಟು ಅಂತ ಆಮೇಲೆ.

ಗ್ಯಾಸಿಗೆ ಅಂತ ಸೋಡಾಪುಡಿ ನೀರಿಗೆ ಹಾಕಿ ಕುಡಿಯುವವರಿಗೂ ಒಂದು ಮಾತು. ಅದರಲ್ಲಿ ಸೋಡಿಯಂ ಜಾಸ್ತಿ, ಡಾಕ್ಟರನ್ನು ಕೇಳದೆ ಬೇಡ. ಒಂದೇ ಸಲ ತಟ್ಟೆ ತುಂಬಾ ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ನೀರು ಕುಡಿಯಿರಿ, ಊಟ ಆದಮೇಲೆ ಹತ್ತು ನಿಮಿಷ ನಡೆಯಿರಿ. ನಾಲ್ಕನೇ ತಿಂಗಳಿನಿಂದ ಕಬ್ಬಿಣದ ಮಾತ್ರೆ ಶುರುವಾದರೆ ಮಲ ಇನ್ನೂ ಗಟ್ಟಿ ಆಗಬಹುದು. ಅದಕ್ಕೆ ಅಂತ ಮಾತ್ರೆ ಕಸದ ಬುಟ್ಟಿಗೆ ಹಾಕಬೇಡಿ, ಹೇಳಿದರೆ ಬದಲಿಸಿ ಕೊಡುತ್ತಾರೆ.

ಸೊಸೆಮುದ್ದು · 7:10

ಪಪಾಯಿ ತಿಂದರೆ ಮಲ ಸಲೀಸು, ಆದರೆ ಬಸುರಿ ತಿನ್ನಬಾರದು ಅಲ್ವಾ?

ಹಳೇಬೇರು · 7:12

ಮುಟ್ಟಲೇಬಾರದು.

ಕಡಲತಡಿ · 7:15

ಕಾಯಿ ಬೇಡ, ಅದರ ಹಾಲು ಒಳ್ಳೆಯದಲ್ಲ. ಪೂರ್ತಿ ಹಣ್ಣಾದದ್ದು ತಿನ್ನಬಹುದು ಅಂತ ನನ್ನ ಡಾಕ್ಟರೇ ಹೇಳಿದ್ದರು.

ನಿರ್ವಾಹಕರು · 7:30

ಪಪಾಯಿಗೆ ಬೇರೆ ಚರ್ಚೆಯೇ ಇದೆ. 400 ಉತ್ತರ ಬಂದಿದೆ, ಇನ್ನೂ ಮುಗಿದಿಲ್ಲ. ಅಲ್ಲಿಗೆ ಹೋಗಿ.

ಮೆಜೆಸ್ಟಿಕ್ ಮಾಯಾ · 8:48

ನಾನೀಗ ಬಸ್ಸಿನಲ್ಲಿ ನಿಂತುಕೊಂಡೇ ಇದನ್ನು ಓದುತ್ತಿದ್ದೇನೆ. 9 ವಾರ. ಬೆಳಿಗ್ಗೆಯಿಂದ ಎರಡು ಸಲ ವಾಂತಿ. ಹೊಟ್ಟೆ ಕಾಣಲ್ಲ, ಹಾಗಾಗಿ ಸೀಟು ಇಲ್ಲ. ಕೇಳೋಣ ಅಂದರೆ ಪಕ್ಕದಲ್ಲಿ ಆಫೀಸಿನವಳು ನಿಂತಿದ್ದಾಳೆ. ಹೋದ ವರ್ಷ ಬಸುರಿ ಅಲ್ಲದಿದ್ದಾಗ ಒಂದು ಅಜ್ಜಿ ನನ್ನ ಹೊಟ್ಟೆ ನೋಡಿ ಎದ್ದು ಸೀಟು ಕೊಟ್ಟಿದ್ದರು. ಆಗ ನಾನು ಒಂದು ಮಾತೂ ಆಡದೆ ಕೂತಿದ್ದೆ. ಅದರ ಪಾಪ ಈಗ ತೀರಿಸುತ್ತಿದ್ದೇನೆ.

ಲೀಡ್ಸ್ ಕನ್ನಡತಿ · 2:05

ಲಂಡನ್ ರೈಲಿನಲ್ಲಿ ಇದಕ್ಕೇ ಬಿಳಿ ಬ್ಯಾಡ್ಜ್ ಇದೆ. ‘ಬೇಬಿ ಆನ್ ಬೋರ್ಡ್’ ಅಂತ ಬರೆದಿರುತ್ತೆ, ಪುಕ್ಕಟೆ ಕೊಡುತ್ತಾರೆ. ಹೊಟ್ಟೆ ಕಾಣದಿದ್ದರೂ ಜನ ಏಳುತ್ತಾರೆ. ಯಾವಾಗಲೂ ಅಲ್ಲ, ಕೆಲವರು ಫೋನಿನೊಳಗೆ ತಲೆ ಹಾಕುತ್ತಾರೆ.

ಎರಡರ ಅಮ್ಮ · 2:12

ನಮ್ಮಲ್ಲಿ ಬ್ಯಾಡ್ಜ್ ಹಾಕಿದರೆ ಅತ್ತೆಯಂದಿರು ದೃಷ್ಟಿ ತೆಗೆದು ತೆಗೆದು ಮೆಣಸಿನಕಾಯಿ ಖಾಲಿ.

ಹಳ್ಳಿಮನೆ ಹುಡುಗಿ · 4:30

ಗುಟ್ಟು ಇಡುವ ಭಾಗ್ಯ ಎಲ್ಲಾ ಪೇಟೆಯವರಿಗೆ. ನಮ್ಮೂರಲ್ಲಿ ಆಶಾ ಅಕ್ಕ ಬ್ಯಾಗು ಹಾಕಿಕೊಂಡು ನಮ್ಮನೆ ಗೇಟು ತೆಗೆದರೆ ಸಾಕು, ಬೀದಿಗೆಲ್ಲಾ ಗೊತ್ತು. ತಾಯಿ ಕಾರ್ಡು 12 ವಾರದೊಳಗೆ ಆಗಬೇಕು ಅಂತ ಅವರು ಬಂದೇ ಬರುತ್ತಾರೆ, ಬರುವುದು ಒಳ್ಳೆಯದೇ. ಅಂಗನವಾಡಿಯಲ್ಲಿ ಬಸುರಿಯರ ಊಟಕ್ಕೆ ಹೆಸರು ಹಚ್ಚಿಸಿದ ದಿನ ಎದುರು ಮನೆಯ ದೊಡ್ಡವ್ವ “ಹುಳಿ ಬೇಕೇನವ್ವ?” ಅಂತ ಹುಣಸೆಹಣ್ಣು ತಂದುಕೊಟ್ಟರು. ಆಗ ನನ್ನ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು!

ಮಲ್ಲಿಗೆಮೊಗ್ಗು · ಜನವರಿ 21, ಸಂಜೆ 6:10

ಸ್ಕ್ಯಾನ್ ಆಯಿತು!! ಒಂದೇ. ಗರ್ಭಕೋಶದ ಒಳಗೇ ಸರಿಯಾದ ಜಾಗದಲ್ಲಿದೆ. 1.7 ಸೆಂ.ಮೀ., ಎದೆಬಡಿತ ನಿಮಿಷಕ್ಕೆ 168. ನನ್ನ ಲೆಕ್ಕಕ್ಕಿಂತ ಎರಡು ದಿನ ಕಮ್ಮಿ ತೋರಿಸಿತು, ಅದೇನೂ ದೊಡ್ಡದಲ್ಲ ಅಂದರು. ನಾನು ಹೊಟ್ಟೆ ತೋರಿಸಿ “ಇಷ್ಟು ದೊಡ್ಡದಿದೆಯಲ್ಲ ಮೇಡಂ?” ಅಂದೆ. ಡಾಕ್ಟರು ಪರದೆಯ ಮೇಲೆ ಕಪ್ಪು ಬಿಳಿ ಮೋಡದ ಥರ ಇದ್ದದ್ದನ್ನು ತೋರಿಸಿ “ಇದೆಲ್ಲಾ ಗಾಳಿ ಕಣಮ್ಮಾ” ಅಂದರು. ನನ್ನ ಗಂಡ ನಕ್ಕ ನಗುವಿಗೆ ಹೊರಗಿನವರು ಒಳಗೆ ಇಣುಕಿದರು.

ಈಗ ಬಟನ್ನಿಗೆ ಉಪಾಯ ಹೇಳಿ. ಇನ್ನೂ ಒಂದು ತಿಂಗಳು ತಳ್ಳಬೇಕು.

ಕಡಲತಡಿ · 6:18

ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಕಾಜಾದೊಳಗೆ ತೂರಿಸಿ, ಅದರದೇ ಕುಣಿಕೆಯೊಳಗೆ ಎಳೆದು ಬಿಗಿ ಮಾಡಿ. ಇನ್ನೊಂದು ತುದಿ ಬಟನ್ನಿಗೆ ಸಿಕ್ಕಿಸಿ. ಎರಡು ಇಂಚು ಜಾಗ ಸಿಗುತ್ತೆ. ಮೇಲೆ ಉದ್ದ ಕುರ್ತಾ. ಕಪ್ಪು ಪ್ಯಾಂಟಿಗೆ ಕಪ್ಪು ಬ್ಯಾಂಡೇ ಹಾಕಿ. ನಾನು ಗುಲಾಬಿ ಹಾಕಿ ಸಿಕ್ಕಿಬಿದ್ದೆ.

ಧಾರವಾಡ ಫೇಡಾ · 6:25

ಪ್ಯಾಂಟ್ ಯಾಕ್ರೀ ಬೇಕು? ಲಾಡಿ ಇರುವ ಪೈಜಾಮ ಹಾಕಿ. ಲಾಡಿ ಕಂಡುಹಿಡಿದವರು ಬಸುರಿಯೇ ಇರಬೇಕು.

ಮತ್ತೆ ಚಿಗುರು · 6:40

ಒಳಗೇ ಸರಿಯಾದ ಜಾಗದಲ್ಲಿದೆ ಅಂತ ಓದಿ ಕಣ್ಣು ತುಂಬಿತು. ಚೆನ್ನಾಗಿರಿ.

ಮೌನ · 10:15

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನಗೆ 11ನೇ ವಾರದ ಸ್ಕ್ಯಾನಿನಲ್ಲಿ ಬಡಿತ ಇರಲಿಲ್ಲ. 8ನೇ ವಾರಕ್ಕೇ ನಿಂತಿತ್ತು ಅಂದರು. ಆದರೆ ಹೊಟ್ಟೆ ಅವತ್ತು ಬೆಳಿಗ್ಗೆಯೂ ಉಬ್ಬಿತ್ತು, ವಾಂತಿಯೂ ಇತ್ತು. ನಾನು ಅದನ್ನು ಸವರಿಕೊಂಡೇ ಸ್ಕ್ಯಾನಿಗೆ ಹೋಗಿದ್ದೆ. “ಮೊದಲೇ ಹೊಟ್ಟೆ ತೋರಿಸಿಕೊಂಡು ಓಡಾಡಿದೆ, ದೃಷ್ಟಿಯಾಯಿತು” ಅಂತ ಒಬ್ಬರು ನನ್ನ ಮುಖಕ್ಕೇ ಅಂದರು. ಮೂರು ತಿಂಗಳು ಹೇಳಬೇಡ ಅನ್ನುವವರಿಗೆ ಒಂದು ಪ್ರಶ್ನೆ. ಯಾರಿಗೂ ಹೇಳದೆ ಇದ್ದದ್ದಕ್ಕೆ, ಕಳೆದುಕೊಂಡಾಗಲೂ ಯಾರಿಗೂ ಹೇಳಲು ಆಗಲಿಲ್ಲ. ಮಾರನೇ ವಾರ ಆಫೀಸಿಗೆ ಹೋಗಿ ಎಲ್ಲರ ಜೊತೆ ನಗುತ್ತಾ ಕೂತಿದ್ದೆ. ಅದು ಸರಿನಾ?

ನರ್ಸಕ್ಕ · 10:41

ಸರಿ ಅಲ್ಲ ತಂಗಿ. ದೃಷ್ಟಿಯೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಮೊದಲ ಮೂರು ತಿಂಗಳಲ್ಲಿ ಕಳೆದುಹೋಗುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮಿನ ವ್ಯತ್ಯಾಸ. ನಡೆದದ್ದಕ್ಕೂ, ತಿಂದದ್ದಕ್ಕೂ, ತೋರಿಸಿದ್ದಕ್ಕೂ ಸಂಬಂಧ ಇಲ್ಲ. ಬಡಿತ ನಿಂತಮೇಲೂ ಹಾರ್ಮೋನ್ ಇಳಿಯಲು ದಿನ ಹಿಡಿಯುತ್ತೆ, ಅದಕ್ಕೇ ಹೊಟ್ಟೆ, ವಾಂತಿ ಹಾಗೇ ಇದ್ದದ್ದು.

ಹಳೇಬೇರು · 10:58

ಮೌನ, ನನಗೂ ಆಗಿತ್ತು. 1989ರಲ್ಲಿ. ನನ್ನ ಗಂಡನಿಗೆ, ಅತ್ತೆಗೆ ಬಿಟ್ಟರೆ ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ. ನನ್ನ ಮಕ್ಕಳಿಗೂ ಗೊತ್ತಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಮೌನ · 11:03

ಅಮ್ಮಾ...

ಎರಡರ ಅಮ್ಮ · 11:10

ಹಳೇಬೇರು ಅಕ್ಕಾ, ಬಟ್ಟೆ ಕಟ್ಟುವುದಕ್ಕೆ ಜಗಳ ಆಡಿದ್ದಕ್ಕೆ ಕ್ಷಮಿಸಿ.

ಹಳೇಬೇರು · 11:12

ಅದರಲ್ಲಿ ಮಾತ್ರ ನಾನು ಹೇಳಿದ್ದೇ ಸರಿ.

ಮಲ್ಲಿಗೆಮೊಗ್ಗು · ಮಾರ್ಚ್ 3, ರಾತ್ರಿ 9:15

ಇವತ್ತಿಗೆ 14 ವಾರ 2 ದಿನ. ಮೊನ್ನೆ ಫೆಬ್ರವರಿಯಲ್ಲಿ ಮಗುವಿನ ಕತ್ತಿನ ಹಿಂಭಾಗ ಅಳೆದು ನೋಡುವ ಎನ್‌ಟಿ ಸ್ಕ್ಯಾನ್ ಆಯಿತು, ಎಲ್ಲಾ ಚೆನ್ನಾಗಿದೆ. ಆಫೀಸಿನಲ್ಲಿ ಹೇಳಿದೆ. ಮ್ಯಾನೇಜರ್ “ಜನವರಿಯಿಂದಲೇ ಗೊತ್ತು” ಅಂದರು. ಆ ಮೀಟಿಂಗ್ ದಿನ ಬಟನ್ ನೋಡಿದ್ದರಂತೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಈಗ ಬೆಳಿಗ್ಗೆಯೂ ಹೊಟ್ಟೆ ಇದೆ. ಇದು ಗ್ಯಾಸಿನ ಹಾಗಿಲ್ಲ. ಗ್ಯಾಸ್ ಮೇಲೆಲ್ಲಾ ಹರಡಿಕೊಂಡು ಡೋಲಿನ ಹಾಗೆ ಇರುತ್ತಿತ್ತು. ಇದು ಕೆಳಗೆ, ಮೂಳೆಯ ಮೇಲೆ, ಅಂಗೈಯಲ್ಲಿ ಹಿಡಿಯುವಷ್ಟು ಗಟ್ಟಿ ದುಂಡು. ಬೆಳಿಗ್ಗೆ ಮೂತ್ರಕ್ಕೆ ಹೋಗುವ ಮೊದಲು ಅಂಗಾತ ಮಲಗಿ ಮುಟ್ಟಿದರೆ ಇನ್ನೂ ಚೆನ್ನಾಗಿ ಸಿಗುತ್ತೆ. ಅಂಗಾತ ಮಲಗಿದರೆ ಉಳಿದ ಹೊಟ್ಟೆಯೆಲ್ಲಾ ಇಳಿದು ಹೋಗುತ್ತೆ, ಅದೊಂದು ಮಾತ್ರ ಅಲ್ಲೇ ಇರುತ್ತೆ. ಗಂಡನ ಕೈ ಹಿಡಿದು ತೋರಿಸಿದೆ. ಮೂಸಂಬಿನಾ ಚಕೋತನಾ ಅಂತ ಕೇಳಿದ. ಈ ಚರ್ಚೆ ಪೂರ್ತಿ ಓದಿದ್ದಾನೆ.

ಇವತ್ತು ಲಿಫ್ಟಿನಲ್ಲಿ ಪಕ್ಕದ ಮನೆ ಆಂಟಿ ಮತ್ತೆ ಸಿಕ್ಕಿದ್ದರು. ಮೇಲಿಂದ ಕೆಳಗೆ ನೋಡಿ, “ಅವರೆಕಾಯಿ ಕಾಲ ಮುಗಿದು ಎಷ್ಟು ದಿನ ಆಯ್ತಮ್ಮಾ?” ಅಂದರು.

ದೇವನಹಳ್ಳಿ ಗಡಿ · 9:19

ಏನಂದಿರಿ?

ಮಲ್ಲಿಗೆಮೊಗ್ಗು · 9:21

“ಈಗ ಮಾವಿನಕಾಯಿ ಕಾಲ ಆಂಟಿ” ಅಂದೆ.

ಹಳೇಬೇರು · 9:23

ಉಪ್ಪು ಜಾಸ್ತಿ ಹಾಕಬೇಡ.